‘ಗೊತ್ತಿಲ್ಲ ಸರ್’ ಎಂದ ವರ್ಷ

ನನ್ನ ತಂಗಿ ಕಳ್ಳಿಯಲ್ಲ ಎಂದು ನನಗೆ ಗೊತ್ತಿತ್ತು. ಅವಳು ಯಾಕೆ ಮತ್ತೆ ಮತ್ತೆ ಕೆಲಸ ಬಿಟ್ಟು ಎದ್ದು ಹೋಗುತ್ತಾಳೆ ಎಂಬುದೂ ಗೊತ್ತಿತ್ತು. ಅರುವತ್ತು ಹೆಂಗಸರ ಎದುರು ಮ್ಯಾನೇಜರ್ ನನ್ನನ್ನೇ ಕೇಳಿದಾಗ ನಾನು ಅದನ್ನು ಹೇಳಲಿಲ್ಲ. ಒಂದು ಮಾತು ಸಾಕಿತ್ತು. ಅದನ್ನು ಹೇಳಲು ನನಗೆ ಎಂಟು ತಿಂಗಳು ಹಿಡಿಯಿತು.

ಹೋದ ವಾರ ಪುತ್ತೂರಿನಿಂದ ಕಾಣಿಯೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಬದಿಯಲ್ಲಿ ಕೂತಿದ್ದೆ. ದಾರಿಯಲ್ಲಿ ಗೇರುಬೀಜ ಬೇಯಿಸುವ ವಾಸನೆ ಬಂತು. ಪೇಟೆಯ ಅಂಗಡಿಯಲ್ಲಿ ಬೀಜ ಹುರಿಯುವಾಗ ಬರುವ ಪರಿಮಳ ಅಲ್ಲ ಅದು. ಹೊರಗಿನ ದಪ್ಪ ಸಿಪ್ಪೆಯ ಎಣ್ಣೆ ಬಿಸಿಯಾಗಿ ಗಂಟಲಿಗೆ ಹತ್ತುವ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಕೆಟ್ಟದೆನಿಸಲಿಲ್ಲ, ಆದರೆ ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದು ತಿಳಿಯಲಿಲ್ಲ. ಆ ವಾಸನೆಯಲ್ಲಿ ನಾನು ಹದಿನೇಳು ವರ್ಷ ದುಡಿದಿದ್ದೇನೆ. ನೆನಪಿಗೆ ಬಂದದ್ದು ಮಾತ್ರ ಒಂದೇ ವರ್ಷ.

ನಾನು ಓದಿದ್ದು ಆರನೆಯ ಕ್ಲಾಸಿನವರೆಗೆ. ಮನೆಯಲ್ಲಿ ನಾವು ಆಡುವುದು ತುಳು. ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ, ಹಾಗಾಗಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸುನೀತ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ನಾನೇ ಸಾಕಿದೆ, ಆಲೆಟ್ಟಿಗೆ ಮದುವೆ ಮಾಡಿ ಕೊಟ್ಟೆ. ನನಗೆ ಮದುವೆಯಾಗಲಿಲ್ಲ. ಅವಳ ಮದುವೆಯಾಗಿ ಆರನೆಯ ವರ್ಷ, ಗೇರುಹಣ್ಣು ಬೀಳುವ ಮಾರ್ಚ್ ತಿಂಗಳಲ್ಲಿ, ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಕಾಣಿಯೂರಿನ ನನ್ನ ಮನೆಗೆ ಬಂದಳು.

‘ಸರಿ ಆದ ಮೇಲೆ ಬಾ ಅಂತ ಹೇಳಿದ್ರು’ ಎಂದಳು.

‘ಎಂತ ಸರಿ ಆಗ್ಬೇಕು?’

‘ಹೊಟ್ಟೆಯ ಅಡಿಯಲ್ಲಿ ನೋವು ಅಕ್ಕ. ಯಾವಾಗಲೂ ಒಂದಕ್ಕೆ ಬಂದ ಹಾಗೆ ಆಗುದು. ಹೋದ್ರೆ ನಾಲ್ಕು ಹನಿ. ಎರಡು ನಿಮಿಷ ಸುಖ, ಪುನಃ ಸುರು.’

ಇನ್ನೂ ಒಂದು ವಿಷಯ ಹೇಳಿದಳು. ಗಂಡ ಹತ್ತಿರ ಬಂದರೆ ಆಮೇಲೆ ಎರಡು ದಿನ ಕೂರಲಿಕ್ಕೆ ಆಗುವುದಿಲ್ಲ, ಅವನು ಅದನ್ನು ನೆಪ ಎಂದು ತಿಳಿದಿದ್ದಾನೆ ಎಂದು. ‘ಸಾಕು, ಅದೆಲ್ಲ ನನ್ನ ಹತ್ರ ಹೇಳ್ಬೇಡ’ ಎಂದು ಹೇಳಿ ನಾನು ಅಕ್ಕಿ ಆರಿಸಲು ಎದ್ದುಹೋದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹತ್ತಿರದ ಡಾಕ್ಟರರು ಉರಿಮೂತ್ರ ಎಂದು ಮಾತ್ರೆ ಕೊಟ್ಟರು. ಐದು ದಿನ ತಿಂದಳು. ಕಡಿಮೆಯಾಗಲಿಲ್ಲ, ಬೇರೆ ಮಾತ್ರೆ ಕೊಟ್ಟರು. ಪುತ್ತೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದೆವು. ಚೀಟಿ ನೋಡಿ ಅಲ್ಲಿಯವರು ‘ಇದರಲ್ಲಿ ಎಂತದೂ ಇಲ್ಲ, ನಾರ್ಮಲ್’ ಎಂದರು. ಮೂರು ಸಲ ಪರೀಕ್ಷೆ ಮಾಡಿಸಿದರೂ ಎಂತದೂ ಇಲ್ಲ. ಆ ‘ಎಂತದೂ ಇಲ್ಲ’ ಎನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಚೀಟಿಯಲ್ಲಿ ಇಲ್ಲದ್ದು ಹೊಟ್ಟೆಯಲ್ಲಿ ಹೇಗೆ ಇರುತ್ತದೆ ಎಂದುಕೊಂಡೆ.

ನಮ್ಮ ಕಡೆ ಇಂಥದಕ್ಕೆಲ್ಲ ಉಷ್ಣ ಎನ್ನುತ್ತಾರೆ. ಉಷ್ಣಕ್ಕೆ ಪುನರ್ಪುಳಿ. ಆ ಹುಳಿಹಣ್ಣಿನ ಒಣಗಿಸಿಟ್ಟ ಸಿಪ್ಪೆ ಡಬ್ಬದಲ್ಲಿತ್ತು. ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಮಾಡಿ, ಎದುರು ನಿಂತು ಕುಡಿಸುತ್ತಿದ್ದೆ. ‘ಹುಳಿ ಕುಡಿದ್ರೆ ಜಾಸ್ತಿ ಆದ ಹಾಗೆ ಕಾಣ್ತದೆ ಅಕ್ಕ’ ಎಂದು ಒಂದು ದಿನ ಹೇಳಿದಳು. ‘ಉಷ್ಣ ಹೊರಗೆ ಬರುವಾಗ ಹಾಗೇ. ಸುಮ್ನೆ ಕುಡಿ’ ಎಂದೆ. ಅವಳು ಕುಡಿದಳು. ನಾನು ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇರಲಿಲ್ಲ.

ಏಪ್ರಿಲಿನಲ್ಲಿ ಅವಳನ್ನು ನಮ್ಮ ಬೀಜದ ಫ್ಯಾಕ್ಟರಿಗೆ ಸೇರಿಸಿದೆ. ‘ಮನೆಯಲ್ಲಿ ಕೂತ್ರೆ ನೋವಿನದ್ದೇ ಧ್ಯಾನ’ ಎಂದು ಅವಳೇ ಹೇಳಿದ್ದಳು. ಗಂಡನ ಮನೆಯಿಂದ ಬಂದವಳಿಗೆ ಊರಿನಲ್ಲಿ ತಲೆ ಎತ್ತಿ ನಡೆಯಲು ಒಂದು ಕೆಲಸ ಬೇಕಿತ್ತು. ಆಗ ನಾನು ಕೆಂಪು ಸಿಪ್ಪೆ ತೆಗೆಯುವ ವಿಭಾಗದ ಸೂಪರ್‌ವೈಸರ್. ಬೇಯಿಸಿ, ಒಡೆದು, ಬೋರ್ಮ ಎನ್ನುವ ಬಿಸಿ ಕೋಣೆಯಲ್ಲಿ ಒಣಗಿಸಿದ ಬೀಜ ನಮ್ಮಲ್ಲಿಗೆ ಬರುತ್ತದೆ. ಹೆಂಗಸರು ಸಾಲಾಗಿ ಗಿಡ್ಡ ಮಣೆಗಳ ಮೇಲೆ ಕೂತು ಸಣ್ಣ ಚೂರಿಯಿಂದ ಸಿಪ್ಪೆ ತೆಗೆಯುತ್ತಾರೆ. ತಿರುಳು ತುಂಡಾಗಬಾರದು. ಸುನೀತನ ಕೈ ಚುರುಕು. ಎರಡನೆಯ ವಾರಕ್ಕೇ ಅವಳು ಹಳಬರ ಸಮಕ್ಕೆ ಬಂದಿದ್ದಳು.

ನಾವು ಕೂರುವ ದೊಡ್ಡ ಹಾಲ್‌ನಿಂದ ಹೊರಗೆ ಹೋಗುವವರನ್ನೆಲ್ಲ ಮುಟ್ಟಿ ನೋಡಿ ಬಿಡಬೇಕು ಎಂಬುದು ಅಲ್ಲಿಯ ಕ್ರಮ. ಸೊಂಟ, ಸೆರಗು, ಜೇಬು ಎಲ್ಲ. ಬೀಜಕ್ಕೆ ಬೆಲೆಯುಂಟಲ್ಲ. ಬಾಗಿಲಲ್ಲಿ ನಿಂತು ಹಾಗೆ ನೋಡುವುದು ನನ್ನ ಕೆಲಸ. ಬಾತ್‌ರೂಮಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮತ್ತೆ ಊಟದ ಹೊತ್ತಿಗೆ. ಸುನೀತನಿಗೆ ಅರ್ಧ ಗಂಟೆ ಕೂರಲು ಆಗುತ್ತಿರಲಿಲ್ಲ.

ಮೊದಮೊದಲು ಹೆಂಗಸರು ನಗೆಯಾಡುತ್ತಿದ್ದರು. ‘ಸುನೀತನದ್ದು ಸರ್ವಿಸ್ ಜೀಪು ಮಾರಾಯ್ರೆ, ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುದು.’ ಅವಳೂ ನಗುತ್ತಿದ್ದಳು. ‘ಬ್ರೇಕ್ ಹೋಗಿದೆ, ಎಂತ ಮಾಡುದು’ ಎನ್ನುತ್ತಿದ್ದಳು. ಆಮೇಲೆ ನಗೆ ಬೇರೆಯಾಯಿತು. ‘ಅಕ್ಕ ಬಾಗಿಲಲ್ಲಿ ಇದ್ರೆ ತಂಗಿಗೆ ಎಂತ ಚಿಂತೆ’ ಎಂಬ ಮಾತು ನನಗೆ ಕೇಳುವ ಹಾಗೆಯೇ ಬಂತು. ಅಂದಿನಿಂದ ನಾನು ಬೇರೆಯವರಿಗಿಂತ ಅವಳ ಮೇಲೆ ಹೆಚ್ಚು ಬಿಗಿ ಮಾಡಿದೆ. ಬೇರೆ ಯಾರಾದರೂ ಹೊಟ್ಟೆನೋವು ಎಂದರೆ ಬಿಡುತ್ತಿದ್ದೆ. ಅವಳು ತಲೆ ಎತ್ತಿ ನನ್ನ ಕಡೆ ನೋಡಿದರೆ ಕೈಯಲ್ಲೇ ‘ಕೂರು’ ಎಂದು ತೋರಿಸುತ್ತಿದ್ದೆ. ಅವಳು ತುಟಿ ಕಚ್ಚಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಬಿಗಿದು, ಬೀಜ ಸುಲಿಯುತ್ತಿದ್ದಳು. ಫ್ಯಾನಿನ ಅಡಿಯಲ್ಲಿ ಕೂತವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

‘ಹೇಗೆ ಆಗುದು ಹೇಳು?’ ಎಂದು ಒಂದು ದಿನ ಮನೆಗೆ ನಡೆಯುವಾಗ ಕೇಳಿದೆ. ಸಿಟ್ಟಿನಲ್ಲೇ ಕೇಳಿದ್ದು.

ಅವಳು ನಡೆಯುತ್ತಲೇ ಹೇಳಿದಳು: ‘ಗೇರೆಣ್ಣೆ ಕೈಗೆ ತಾಗಿದ್ರೆ ಗೊತ್ತುಂಟಲ್ಲ ನಿಂಗೆ? ಚರ್ಮ ಎದ್ದು ಬರ್ತದಲ್ಲ? ಅಲ್ಲಿಗೆ ಉಪ್ಪುನೀರು ಹಾಕಿದ ಹಾಗೆ. ಅದು ಒಳಗೆ. ಮೂತ್ರ ತುಂಬ್ತಾ ಬಂದ ಹಾಗೆ ಜಾಸ್ತಿ ಆಗುದು.’

ಗೇರೆಣ್ಣೆಯ ಗಾಯ ನನಗೆ ಗೊತ್ತಿತ್ತು. ಬೀಜ ಒಡೆಯುವ ವಿಭಾಗದಲ್ಲಿದ್ದಾಗ ನನ್ನ ಬೆರಳುಗಳ ಚರ್ಮ ಸುಲಿದು ಹೋಗಿತ್ತು. ಹಾಗಾಗಿ ನನಗೆ ಅರ್ಥವಾಗಲಿಲ್ಲ ಎಂದು ಹೇಳುವ ದಾರಿಯಿಲ್ಲ. ಅರ್ಥವಾಯಿತು. ಮರುದಿನವೂ ಕೈಯಲ್ಲಿ ‘ಕೂರು’ ಎಂದೇ ತೋರಿಸಿದೆ.

ಹೊರಗೆ ಹೋಗುವುದು ತಪ್ಪಲಿ ಎಂದು ಅವಳು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಅದರಿಂದ ಮೂತ್ರ ಇನ್ನೂ ಖಾರವಾಗುತ್ತದೆ ಎಂದು ಹೇಳುವವರು ಆಗ ನಮಗೆ ಯಾರೂ ಇರಲಿಲ್ಲ.

ಜೂನ್ ಕೊನೆಯಲ್ಲಿ ನಮ್ಮ ವಿಭಾಗದ ತೂಕ ಕಡಿಮೆ ಬರತೊಡಗಿತು. ಒಳಗೆ ಬಂದ ಬೀಜಕ್ಕೂ, ಹೊರಗೆ ಹೋದ ತಿರುಳು ಮತ್ತು ಸಿಪ್ಪೆಗೂ ತಾಳೆಯಾಗುತ್ತಿರಲಿಲ್ಲ. ನಾಲ್ಕನೆಯ ದಿನ ಮ್ಯಾನೇಜರ್ ಹಾಲಿಗೆ ಬಂದರು. ಎಲ್ಲರ ಕೈ ನಿಂತಿತು.

‘ಇಲ್ಲಿಂದ ಹೊರಗೆ ಜಾಸ್ತಿ ಹೋಗುದು ಯಾರು?’

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಅವರು ಅದನ್ನು ಹಿಂಬಾಲಿಸಿ ಸುನೀತನನ್ನು ನೋಡಿದರು. ಮತ್ತೆ ನನ್ನ ಕಡೆ ತಿರುಗಿದರು.

‘ನಿಮ್ಮ ತಂಗಿಯಲ್ವಾ? ಎಂತಕ್ಕೆ ಇಷ್ಟು ಸಲ ಹೊರಗೆ ಹೋಗುದು ಅವರು?’

ಗಂಡಸಿನ ಎದುರು ಮೂತ್ರದ ವಿಷಯ ಹೇಗೆ ಹೇಳುವುದು ಎಂದು ಒಂದು ಕ್ಷಣ ಅನಿಸಿದ್ದು ನಿಜ. ಆದರೆ ನಾಚಿಕೆ ದೊಡ್ಡ ಕಾರಣವಲ್ಲ. ತಂಗಿಯ ಕಾಯಿಲೆ ಗೊತ್ತಿದ್ದೂ ಕೆಲಸಕ್ಕೆ ಸೇರಿಸಿದೆ ಎಂದಾಗುತ್ತದೆ, ನಿಯಮ ಮೀರಿ ಬಿಟ್ಟೆ ಎಂದಾಗುತ್ತದೆ, ಬಾಗಿಲ ಕೆಲಸ ಹೋಗುತ್ತದೆ. ಇದಿಷ್ಟೂ ನನ್ನ ತಲೆಯಲ್ಲಿ ಸರಿಯಾಗಿ, ಒಂದರ ಹಿಂದೆ ಒಂದು ಬಂತು. ಯೋಚಿಸಿಯೇ ಹೇಳಿದೆ.

‘ಗೊತ್ತಿಲ್ಲ ಸರ್.’

‘ಹಾಗಾದ್ರೆ ಇಲ್ಲೇ ಚೆಕ್ ಮಾಡಿ.’

ಸುನೀತ ಎದ್ದು ನಿಂತಳು. ನಾನು ಅವಳ ಸೊಂಟದ ಸುತ್ತ ಕೈ ಹಾಕಿದೆ. ಬಟ್ಟೆಯ ಒಳಗೆ ದಪ್ಪಗೆ ಏನೋ ಸಿಕ್ಕಿತು. ಹಳೆಯ ಸೀರೆಯ ಮಡಿಕೆ. ತಡೆಯಲಾಗದೆ ಎಲ್ಲರ ನಡುವೆ ಒದ್ದೆಯಾಗಿಬಿಟ್ಟರೆ ಎಂಬ ಹೆದರಿಕೆಗೆ ಅವಳು ಕಟ್ಟಿಕೊಂಡದ್ದು. ನನ್ನ ಕೈ ನಿಂತದ್ದು ಮ್ಯಾನೇಜರರಿಗೆ ಕಂಡಿತು.

‘ಎಂತ ಉಂಟು ಅಲ್ಲಿ?’

‘ಬಟ್ಟೆ ಸರ್.’

‘ಬಟ್ಟೆಯ ಒಳಗೆ?’

ನಾನು ಅದನ್ನೂ ಮುಟ್ಟಿ ನೋಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ಎಂತದೂ ಇಲ್ಲ ಸರ್’ ಎಂದೆ. ಸುನೀತ ಬಗ್ಗಿ ಚೂರಿಯನ್ನು ಮಣೆಯ ಮೇಲೆ ಇಟ್ಟಳು, ಏಪ್ರನ್ ಬಿಚ್ಚಿ ಮಡಚಿ ಅದರ ಪಕ್ಕ ಇಟ್ಟಳು. ನನ್ನ ಮುಖ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಗುರುತಿಲ್ಲದವರನ್ನು ನೋಡುವ ಹಾಗೆ ಇತ್ತು. ಆಮೇಲೆ ಹೊರಗಿನ ಮಳೆಯಲ್ಲಿ ಕೊಡೆಯಿಲ್ಲದೆ ನಡೆದು ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಹತ್ತು ದಿನ ಕಳೆದು ಮ್ಯಾನೇಜರ್ ಬಾಗಿಲ ಬಳಿ ಹೋಗುತ್ತಾ ಹೇಳಿದರು: ‘ಆ ತೂಕದ್ದು ಗೊತ್ತಾಯ್ತು. ಮಳೆ ಸುರುವಾದ ಮೇಲೆ ಬೋರ್ಮಕ್ಕೆ ಬೆಂಕಿ ಜಾಸ್ತಿ ಹಾಕಿದ್ದಾರೆ. ತೂಕ ಮಾಡುದು ಅದಕ್ಕಿಂತ ಮೊದಲು. ನೀರಿನ ಅಂಶ ಹೋದದ್ದು ಅಷ್ಟೆ.’ ಹೇಳಿ ಹೋದರು. ಬೀಜ ಯಾರೂ ಕದ್ದಿರಲಿಲ್ಲ. ಅದನ್ನು ಹಾಲಿನಲ್ಲಿ ಹೇಳಿ ಎಂದು ನಾನು ಅವರನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೆಂಗಸರಿಗೆ ಉಳಿದದ್ದು ಇಷ್ಟೇ: ತಂಗಿಯನ್ನು ಅಕ್ಕನೇ ಹಿಡಿದಳು, ತಂಗಿ ಕೆಲಸ ಬಿಟ್ಟು ಓಡಿದಳು, ಆಮೇಲೆ ತೂಕ ಸರಿಯಾಯಿತು.

ಆ ಮಳೆಗಾಲ ಮನೆಯಲ್ಲಿ ಮಾತಿರಲಿಲ್ಲ. ಅವಳು ಗಂಜಿ ಬೇಯಿಸಿಡುತ್ತಿದ್ದಳು, ನಾನು ಉಂಡು ಕೆಲಸಕ್ಕೆ ಹೋಗುತ್ತಿದ್ದೆ. ಪುನರ್ಪುಳಿ ಮಾತ್ರ ತಪ್ಪಿಸಲಿಲ್ಲ, ಬಾಯಲ್ಲಿ ಹೇಳಲಾಗದ್ದನ್ನು ಲೋಟದಲ್ಲಿ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಬಚ್ಚಲಿನ ಬಾಗಿಲು ತೆರೆದು ಮುಚ್ಚುವ ಸದ್ದು ದಿನವಿಡೀ. ನಡುವೆ ಒಮ್ಮೆ, ನಾನು ಬಟ್ಟೆ ಮಡಚುತ್ತಿದ್ದಾಗ, ಅವಳು ಗೋಡೆಗೆ ಹಣೆ ಒತ್ತಿ ನಿಂತು ‘ಇದು ಹೀಗೇ ಇದ್ರೆ ನಾನು ಇರುದಿಲ್ಲ’ ಎಂದಳು. ನನಗೆ ಹೇಳಿದ್ದಲ್ಲ. ಗೋಡೆಗೆ ಹೇಳಿದ್ದು. ಆ ದಿನದಿಂದ ಬಾವಿಯ ಕಡೆಗೆ ಅವಳು ಹೋದರೆ ನಾನೂ ಹಿಂದೆಯೇ ಹೋಗುತ್ತಿದ್ದೆ.

ದಾರಿ ತೋರಿಸಿದ್ದು ಜೋಹರಾ. ನಮ್ಮ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು ಅವಳು, ಮೊದಲ ಸಾಲಿನವಳು. ಒಂದು ಮಧ್ಯಾಹ್ನ ಊಟದ ಡಬ್ಬ ತೊಳೆಯುವಲ್ಲಿ ನನ್ನ ಪಕ್ಕ ನಿಂತು ಕೇಳಿದಳು.

‘ಗಿರಿಜಕ್ಕ, ಸುನೀತನಿಗೆ ಹೇಗುಂಟು?’

‘ಉಂಟು ಹಾಗೇ. ಉಷ್ಣ.’

‘ಎಂತ ಉಷ್ಣ ಮಾರಾಯ್ತಿ! ನನ್ನ ನಾದಿನಿಗೆ ನಾಲ್ಕು ವರ್ಷ ಇದೇ ಉಷ್ಣ ಅಂತ ಹೇಳಿ ಹೇಳಿ ಸತಾಯಿಸಿದ್ರು. ಮೂತ್ರದ ಪರೀಕ್ಷೆಯಲ್ಲಿ ಎಂತದೂ ಬರುದಿಲ್ಲ, ನೋವು ಮಾತ್ರ ಹೋಗುದಿಲ್ಲ. ಅದಕ್ಕೆ ಬೇರೆ ಡಾಕ್ಟ್ರು ಉಂಟು ಮಂಗಳೂರಲ್ಲಿ. ಹೆಂಗಸೇ. ಕರ್ಕೊಂಡು ಹೋಗು.’ ಡಬ್ಬದ ಮುಚ್ಚಳ ಹಾಕಿ, ಸ್ವರ ತಗ್ಗಿಸಿ ಸೇರಿಸಿದಳು: ‘ಅವಳು ಕದಿಯುವವಳಲ್ಲ ಅಂತ ನನಗೆ ಗೊತ್ತುಂಟು. ನಿಂಗೆ ಗೊತ್ತಿರ್ಲಿಲ್ವಾ?’

ನಾನು ನಲ್ಲಿ ಇನ್ನೂ ಜೋರಾಗಿ ತಿರುಗಿಸಿದೆ.

ಬಸ್ಸಿನಲ್ಲಿ ಅಷ್ಟು ದೂರ ಸುನೀತನಿಗೆ ಆಗುತ್ತಿರಲಿಲ್ಲ. ಕಾಣಿಯೂರು ಸ್ಟೇಷನಿನಿಂದ ಬೆಳಗಿನ ರೈಲಿಗೆ ಹೋದೆವು. ರೈಲಿನಲ್ಲಿ ಬಾತ್‌ರೂಮ್ ಉಂಟಲ್ಲ. ಅವಳು ಅದರ ಬಾಗಿಲಿನ ಹತ್ತಿರದ ಸೀಟನ್ನೇ ಹುಡುಕಿ ಕೂತಳು. ಮಂಗಳೂರು ಮುಟ್ಟುವಾಗ ಎಷ್ಟು ಸಲ ಎದ್ದಿದ್ದಳೋ, ನಾನು ಎಣಿಸುವುದನ್ನು ನಡುವೆಯೇ ಬಿಟ್ಟೆ.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಹಳೆಯ ಚೀಟಿಗಳನ್ನೆಲ್ಲ ನೋಡಿದರು. ಒಂದು ಪುಸ್ತಕದಲ್ಲಿ ಹದಿನೈದು ದಿನ ಬರೆಯಲು ಹೇಳಿದರು. ಏನು ಕುಡಿದದ್ದು, ಏನು ತಿಂದದ್ದು, ಎಷ್ಟು ಹೊತ್ತಿಗೆ ಹೋದದ್ದು, ನೋವು ಹತ್ತರಲ್ಲಿ ಎಷ್ಟು. ಎರಡನೆಯ ಸಲ ಹೋದಾಗ ಸಪೂರ ಕ್ಯಾಮೆರಾ ಹಾಕಿ ಒಳಗೆ ನೋಡಿದರು. ಆಮೇಲೆ ಇಬ್ಬರನ್ನೂ ಕೂರಿಸಿ ಹೇಳಿದರು.

‘ಕಲ್ಲಲ್ಲ, ಗೆಡ್ಡೆಯಲ್ಲ, ಇನ್ಫೆಕ್ಷನ್ ಅಲ್ಲ. ಮೂತ್ರಕೋಶದ ಒಳಗಿನ ಪದರ ಕೆಲವರಲ್ಲಿ ತುಂಬ ಸೂಕ್ಷ್ಮ ಆಗ್ತದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ನೋವು ನಿಜ. ಮನಸ್ಸಿನ ಭ್ರಮೆ ಅಲ್ಲ, ನಾಟಕ ಅಲ್ಲ.’

ಸುನೀತ ಅತ್ತಳು. ನೋವಿಗೆ ಅಳದಿದ್ದವಳು, ‘ನಿಜ’ ಎಂಬ ಮಾತಿಗೆ ಅತ್ತಳು.

‘ವಾಸಿ ಆಗ್ತದಾ ಡಾಕ್ಟ್ರೆ?’ ಎಂದು ನಾನು ಕೇಳಿದೆ.

‘ಪೂರ್ತಿ ಹೋಗ್ತದೆ ಅಂತ ಮಾತು ಕೊಡುದಿಲ್ಲ. ಎಂಟು ಇರುವ ನೋವನ್ನು ಮೂರಕ್ಕೆ ಇಳಿಸ್ಲಿಕ್ಕೆ ನೋಡುವ.’ ಅವರು ಪುಸ್ತಕ ತಿರುಗಿಸಿ ನನ್ನ ಎದುರು ಇಟ್ಟರು. ಪ್ರತಿದಿನ ಏಳು ಗಂಟೆಗೆ ಒಂದೇ ಸಾಲು: ಪುನರ್ಪುಳಿ ಒಂದು ಲೋಟ. ಅದರ ಕೆಳಗೆ ಎಂಟು, ಒಂಬತ್ತು, ಎಂಟು. ನಾನು ಆಲಂಕಾರಿಗೆ ನೆಂಟರ ಮನೆಗೆ ಹೋಗಿದ್ದ ಎರಡು ದಿನ ಆ ಸಾಲು ಇರಲಿಲ್ಲ. ಆ ದಿನಗಳಲ್ಲಿ ಐದು. ‘ಎಲ್ಲರಿಗೂ ಹುಳಿ ಆಗುದಿಲ್ಲ ಅಂತಲ್ಲ. ಇವರಿಗೆ ಆಗುದಿಲ್ಲ. ಯಾರು ಕೊಡುದು ಇದು?’

‘ನಾನೇ.’

‘ಕೆಲಸದಲ್ಲಿ ಹೇಗೆ? ತಡೆದುಕೊಂಡು ಕೂರ್ಬೇಕಿತ್ತಾ? ಹೋಗ್ಲಿಕ್ಕೆ ಬಿಡ್ತಿರ್ಲಿಲ್ವಾ?’

ಸುನೀತ ನನ್ನ ಕಡೆ ನೋಡಲಿಲ್ಲ. ಕರ್ಚೀಫಿನಿಂದ ಮೂಗು ಒರೆಸಿಕೊಂಡು ಹೇಳಿದಳು: ‘ಕೇಳಿದ್ರೆ ಬಿಡ್ತಿದ್ರು ಡಾಕ್ಟ್ರೆ. ನಾನೇ ಕೇಳ್ತಿರ್ಲಿಲ್ಲ.’

ಅಷ್ಟಾದ ಮೇಲೂ ಅವಳು ನನ್ನನ್ನು ಕಾಪಾಡಿದಳು. ನಾನು ಒಂದು ಮಾತಿನಿಂದ ಅವಳನ್ನು ಕಾಪಾಡಬಹುದಿತ್ತು, ಮಾಡಲಿಲ್ಲ. ಅವಳಿಗೆ ಸುಳ್ಳು ಹೇಳಬೇಕಾಯಿತು, ಹೇಳಿದಳು.

ಆಮೇಲಿನ ತಿಂಗಳುಗಳಲ್ಲಿ ನಾವು ಕಲಿತದ್ದೆಲ್ಲ ಸಣ್ಣ ಸಣ್ಣ ವಿಷಯ. ಚಹಾ, ಖಾರ, ಹುಳಿ ಬಿಟ್ಟು ಒಂದೊಂದನ್ನೇ ಮತ್ತೆ ತಿಂದು ನೋಡುವುದು, ಆಗುವುದನ್ನು ಇಟ್ಟುಕೊಳ್ಳುವುದು. ಹುಳಿಯಿಲ್ಲದ ಮೀನುಸಾರು ಮಾಡಲು ನಾನು ಕಲಿತೆ. ಬಾಯಿಗೆ ಸೇರುವುದಿಲ್ಲ, ಆದರೂ ಇಬ್ಬರೂ ಅದನ್ನೇ ಉಂಡೆವು. ನೀರನ್ನು ಒಮ್ಮೆಲೇ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ. ನೋವು ಏರಿದರೆ ಹೊಟ್ಟೆಯ ಅಡಿಗೆ ಬಿಸಿನೀರಿನ ಚೀಲ. ಮಲಗಿ, ನಿಧಾನ ಉಸಿರೆಳೆದು, ವರ್ಷಗಟ್ಟಲೆ ಬಿಗಿದುಕೊಂಡಿದ್ದ ಅಡಿಭಾಗವನ್ನು ಸಡಿಲ ಬಿಡುವ ವ್ಯಾಯಾಮ ಒಬ್ಬರು ಹೆಂಗಸು ಹೇಳಿಕೊಟ್ಟರು. ಮಲಗುವ ಮೊದಲು ಒಂದು ಸಣ್ಣ ಮಾತ್ರೆ. ನೋವು ಕಡಿಮೆ ಇರುವ ದಿನ ಒಮ್ಮೆ ಬಾತ್‌ರೂಮಿಗೆ ಹೋಗಿ ಮತ್ತೆ ಹೋಗುವವರೆಗಿನ ಹೊತ್ತನ್ನು ಐದೈದು ನಿಮಿಷ ಹೆಚ್ಚಿಸುತ್ತಾ ಹೋಗಬೇಕು. ‘ಹೆದರಿ ಬಿಗಿಹಿಡಿದು ಕೂರುದು ಬೇರೆ, ಇದು ಬೇರೆ’ ಎಂದು ಡಾಕ್ಟರಮ್ಮ ಹೇಳಿದ್ದರು. ನವರಾತ್ರಿ ಹೊತ್ತಿಗೆ ಒಂದು ಗಂಟೆ ಕೂತಳು. ದೀಪಾವಳಿಗೆ ಒಂದೂಕಾಲು. ಆಮೇಲೆ ಕಾರಣವೇ ಇಲ್ಲದೆ ಮೂರು ವಾರ ನೋವು ಮತ್ತೆ ಎಂಟಕ್ಕೆ ಏರಿತು. ಅಂಥ ವಾರಗಳು ಈಗಲೂ ಬರುತ್ತವೆ. ಆಲೆಟ್ಟಿಯಿಂದ ಕರೆಯಲು ಯಾರೂ ಬರಲಿಲ್ಲ. ಬರುವುದೂ ಇಲ್ಲ ಎಂದು ಇಬ್ಬರಿಗೂ ಗೊತ್ತು.

ಊರಿನಲ್ಲಿ ಅವಳ ಹೆಸರು ಹಾಗೆಯೇ ಉಳಿದಿತ್ತು. ಹೆಂಗಸರ ಸ್ವಸಹಾಯ ಸಂಘದ ವಾರದ ಸಭೆಗೆ ಹೋಗುವುದನ್ನು ಬಿಟ್ಟಿದ್ದಳು. ಅಲ್ಲಿ ಒಬ್ಬಳು ತನ್ನ ಪರ್ಸನ್ನು ಇವಳ ಪಕ್ಕದಿಂದ ತೆಗೆದು ಆಚೆ ಇಟ್ಟಳಂತೆ. ಅದನ್ನು ನನಗೆ ಹೇಳಿದ್ದು ಜೋಹರಾ.

ಫೆಬ್ರವರಿಯಲ್ಲಿ ಪಿ.ಎಫ್. ಕಾಗದಕ್ಕೆ ಸಹಿ ಹಾಕಲು ಸುನೀತ ಫ್ಯಾಕ್ಟರಿಗೆ ಬರಲೇಬೇಕಾಯಿತು. ಆಫೀಸಿನಲ್ಲಿ ತುಂಬ ಹೊತ್ತು ಕಾಯಿಸಿದರು. ಸಹಿ ಹಾಕಿ ಹೊರಗೆ ಬಂದವಳ ಮುಖ ಬಿಳಿಚಿತ್ತು. ಬಾತ್‌ರೂಮಿಗೆ ಹೋಗಬೇಕಾದರೆ ನಮ್ಮ ಹಾಲನ್ನು ದಾಟಿ ಹಿಂದಿನ ಬಾಗಿಲಿನಿಂದ ಹೋಗಬೇಕು. ಅವಳು ಹಾಲಿನೊಳಗೆ ನಾಲ್ಕು ಹೆಜ್ಜೆ ಇಟ್ಟು, ನನ್ನ ಎದುರು ನಿಂತಳು.

‘ಅಕ್ಕ, ಹೋಗಿ ಬರ್ಲಾ?’

ಮನೆಯಲ್ಲಿ ಅವಳು ಹಾಗೆ ಕೇಳುವುದಿಲ್ಲ. ಫ್ಯಾಕ್ಟರಿಯಲ್ಲಿ ನಾನು ಅವಳಿಗೆ ಕಲಿಸಿದ ಮಾತು ಅದು. ಹಿಂದಿನ ಸಾಲಿನಿಂದ ಒಂದು ಸ್ವರ ಬಂತು: ‘ಬೀಜ ಹುಷಾರು ಮಾರಾಯ್ರೆ.’ ನಾಲ್ಕು ಜನ ನಕ್ಕರು. ‘ಬಾಯಿ ಮುಚ್ಚು’ ಎಂದು ಜೋಹರಾ ಗದರಿದಳು. ಸುನೀತ ತಲೆ ತಗ್ಗಿಸಿ ಅಲ್ಲೇ ನಿಂತಿದ್ದಳು, ನನ್ನ ಅಪ್ಪಣೆಗೆ.

‘ಹೋಗಿ ಬಾ ಮಗಾ’ ಎಂದೆ. ಅವಳು ಹೋದಳು. ನಾನು ಕಾದೆ. ಅವಳು ಕೇಳಿಸಿಕೊಳ್ಳದೆ ಆಡಿದರೆ ಆ ಮಾತಿಗೆ ಅರ್ಥವಿರಲಿಲ್ಲ. ತಿರುಗಿ ಬಂದವಳ ಕೈ ಹಿಡಿದು ಹಾಲಿನ ನಡುವೆ ನಿಲ್ಲಿಸಿದೆ. ನನ್ನ ಸ್ವರ ಜೋರಾಗಿತ್ತೆಂದು ಕಾಣುತ್ತದೆ. ಮ್ಯಾನೇಜರ್ ಆಫೀಸಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ನಿಲ್ಲಲಿ ಎಂದುಕೊಂಡೆ.

‘ಎಲ್ಲ ಸ್ವಲ್ಪ ಕೈ ನಿಲ್ಸಿ. ಇವಳು ಬೀಜ ಕದಿಯಲಿಲ್ಲ. ಯಾರೂ ಕದಿಯಲಿಲ್ಲ, ಅದು ಬೋರ್ಮದಲ್ಲಿ ಒಣಗಿ ಹೋದ ತೂಕ. ಸರ್ರಿಗೆ ಗೊತ್ತುಂಟು, ನನಗೂ ಗೊತ್ತುಂಟು. ಇವಳಿಗೆ ಮೂತ್ರಕೋಶದ ನೋವು. ಅದಕ್ಕೆ ಹೊರಗೆ ಹೋಗ್ತಿದ್ದದ್ದು. ಅವತ್ತು ಸೊಂಟದಲ್ಲಿ ಇದ್ದದ್ದು ಒದ್ದೆ ಆಗದಿರ್ಲಿ ಅಂತ ಕಟ್ಟಿದ ಬಟ್ಟೆ. ಅದೂ ನನಗೆ ಗೊತ್ತಿತ್ತು.’ ಆಮೇಲೆ ಅವಳ ಕಡೆ ತಿರುಗಿದೆ. ಅವಳ ಕೈ ನನ್ನ ಕೈಯಲ್ಲಿ ತಣ್ಣಗಿತ್ತು. ‘ಸುನೀತ, ನೀನು ಎಂತಕ್ಕೆ ಹೋಗುದು ಅಂತ ಸರ್ ಕೇಳಿದಾಗ ನಾನು ಗೊತ್ತಿಲ್ಲ ಅಂದೆ. ಹೆದರಿ ಅಂದದ್ದಲ್ಲ ಮಗಾ, ನನ್ನ ಕೆಲಸ ಉಳೀಲಿ ಅಂತ ಯೋಚಿಸಿಯೇ ಅಂದದ್ದು. ನೀನು ನೋವಲ್ಲಿ ಕೂತಿದ್ದಾಗ ಕೂರು ಅಂತ ಕೈ ತೋರಿಸಿದ್ದೂ ನಾನೇ. ನನ್ನಿಂದ ತಪ್ಪಾಯ್ತು. ದೊಡ್ಡ ತಪ್ಪಾಯ್ತು.’